ಬಿಡುವುದು ಬೇರೆ, ಸಿಗದಿರುವುದು ಬೇರೆ

*ಇಂದಿನ ಧಮ್ಮ ಚಿಂತನೆ*



ಈ ಸಲ ದಸರಾ ರಜೆಯಲ್ಲಿ ನಾಗಪುರದ ದೀಕ್ಷಾಭೂಮಿಗೆ ಹೋಗಿಬರೋಣ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಅದರ ಬೆನ್ನಿಗೇ ಒಂದು ಪ್ರಶ್ನೆ ಎದ್ದಿತು: ರೈಲಿನಲ್ಲೋ, ವಿಮಾನದಲ್ಲೋ? ಇದು ಟಿಕೆಟ್ ಬುಕ್ ಮಾಡುವವರ ಪ್ರಶ್ನೆ, ಇದರಲ್ಲಿ ಧಮ್ಮದ ಮಾತೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಹೋದ ಭಾನುವಾರ ವಂದನೆ ಮುಗಿದ ಮೇಲೆ ಈ ವಿಷಯ ಎತ್ತಿದಾಗ ನಮ್ಮ ಬಳಗದಲ್ಲೇ ಎರಡು ಪಕ್ಷವಾಯಿತು. ಹಿರಿಯರೊಬ್ಬರು, "ಬುದ್ಧರ ದಾರಿಯಲ್ಲಿ ನಡೆಯುವವರಿಗೆ ಸರಳತೆಯೇ ಭೂಷಣ, ರೈಲಲ್ಲೇ ಹೋಗಿ ಮೇಡಂ" ಎಂದರು. ಪಕ್ಕದಲ್ಲಿದ್ದ ಯುವಕರೊಬ್ಬರು, "ಇಷ್ಟು ತಲೆಮಾರು ಸರಳವಾಗಿದ್ದದ್ದು ಸಾಲದಾ ಸರ್? ನಮ್ಮವರೂ ವಿಮಾನ ಹತ್ತಲಿ ಬಿಡಿ" ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಎರಡೂ ಪೂರ್ತಿ ಸತ್ಯವಲ್ಲ.

ಮೊದಲು ಲೆಕ್ಕ ನೋಡೋಣ. ಹೊರಡುವವರು ಐದು ಜನ: ನಾನು, ನನ್ನ ಸಂಗಾತಿ, ಪಿಯುಸಿ ಓದುತ್ತಿರುವ ಮಗಳು, ಏಳನೇ ತರಗತಿಯ ಮಗ, 72 ವರ್ಷದ ಅತ್ತೆ. ಸಂಘಮಿತ್ರಾ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಹೊರಟು ಚೆನ್ನೈ ಕಡೆಯಿಂದ ಸುತ್ತಿ, ವಿಜಯವಾಡ, ಬಲ್ಲಾರ್ಷಾ ದಾಟಿ ನಾಗಪುರ ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ ಬೇಕು. ವಿಮಾನ ಸುಮಾರು ಎರಡು ಗಂಟೆಯಲ್ಲಿ ಇಳಿಸುತ್ತದೆ. ದೇವನಹಳ್ಳಿಗೆ ಹೋಗುವುದು, ತಪಾಸಣೆ, ಕಾಯುವುದು ಎಲ್ಲ ಸೇರಿದರೂ ಅರ್ಧ ದಿನದ ಮಾತು. ರಜೆಯ ದಿನಗಳಲ್ಲಿ ವಿಮಾನದ ದರ ರೈಲಿನ ದರಕ್ಕಿಂತ ಹಲವು ಪಟ್ಟು. ಹೆಸರು ನೋಡಿ ಆರಿಸೋಣವೆಂದರೆ ಅದೂ ಆಗುವುದಿಲ್ಲ. ಬೋಧಿವೃಕ್ಷದ ಕೊಂಬೆಯನ್ನು ಸಿಂಹಳಕ್ಕೆ ಕೊಂಡೊಯ್ದ ಅಶೋಕನ ಮಗಳ ಹೆಸರು ರೈಲಿಗಿದೆ, ಬಾಬಾಸಾಹೇಬರ ಹೆಸರು ನಾಗಪುರದ ವಿಮಾನ ನಿಲ್ದಾಣಕ್ಕಿದೆ!

*ಸರಳತೆ ಯಾರದು?*

ಹಿರಿಯರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕಡಿಮೆ ಖರ್ಚು, ಕಡಿಮೆ ಆಡಂಬರ, ಹತ್ತು ಜನರ ಜೊತೆ ಕೂತು ಹೋಗುವುದು ಒಳ್ಳೆಯದೇ. ಆದರೆ 1950ರಲ್ಲಿ 'ಮಹಾಬೋಧಿ' ಪತ್ರಿಕೆಗೆ ಬರೆದ ಲೇಖನದಲ್ಲಿ ಬಾಬಾಸಾಹೇಬರು ಒಂದು ಧರ್ಮವನ್ನು ಅಳೆಯಲು ಕೆಲವು ಮಾನದಂಡಗಳನ್ನು ಇಟ್ಟರು. ಅವುಗಳಲ್ಲಿ ಒಂದು, ಧರ್ಮವು ಬಡತನಕ್ಕೆ ಪಾವಿತ್ರ್ಯ ಕಟ್ಟಬಾರದು ಎಂಬುದು. ಇರುವ ಸಂಪತ್ತನ್ನು ಬಿಟ್ಟುಕೊಡುವುದು ದೊಡ್ಡ ಸ್ಥಿತಿಯಾಗಿರಬಹುದು, ಆದರೆ ಬಡತನ ಎಂದಿಗೂ ಹಾಗಲ್ಲ ಎಂಬುದು ಅವರ ನಿಲುವು. ಸಿದ್ಧಾರ್ಥ ಅರಮನೆ ಬಿಟ್ಟರು. ನಮ್ಮ ಅಜ್ಜಂದಿರು ಅರಮನೆಯ ಅಂಗಳಕ್ಕೂ ಕಾಲಿಟ್ಟವರಲ್ಲ. ಎರಡನ್ನೂ 'ಸರಳ ಬದುಕು' ಎಂದು ಒಂದೇ ಹೆಸರಿನಿಂದ ಕರೆದರೆ ಯಾರಿಗೆ ಲಾಭ ಎಂಬುದನ್ನು ಯೋಚಿಸಿ.

ನಮ್ಮ ಅತ್ತೆ ಗಾರೆ ಕೆಲಸಕ್ಕೆ ಕಲ್ಲು ಮಣ್ಣು ಹೊತ್ತು ಮೂವರು ಮಕ್ಕಳನ್ನು ಓದಿಸಿದವರು. ಒಮ್ಮೆ ಡಿಸೆಂಬರ್ 6ಕ್ಕೆ ಮುಂಬಯಿಯ ಚೈತ್ಯಭೂಮಿಗೆ ಹೋಗಿದ್ದರು, ಜನರಲ್ ಬೋಗಿಯಲ್ಲಿ, ಬಾಗಿಲ ಬಳಿ ಗೋಣಿತಾಟು ಹಾಸಿಕೊಂಡು. ಆ ಪ್ರಯಾಣದಲ್ಲಿ ಶ್ರದ್ಧೆ ಇತ್ತು, ನಿಜ. ಆದರೆ ಆ ಗೋಣಿತಾಟು ಅವರ ವೈರಾಗ್ಯದ ಗುರುತಲ್ಲ, ಸೀಟು ಸಿಗದೇ ಇದ್ದುದರ ಗುರುತು. ಅಂಥವರಿಗೆ ಇವತ್ತು ಪಾಠ ಹೇಳುವ ಧಾಟಿಯಲ್ಲಿ 'ರೈಲೇ ಧಮ್ಮಕ್ಕೆ ಹತ್ತಿರ' ಎಂದರೆ, ಅವರಿಗೆ ಸಿಗದೇ ಹೋದದ್ದಕ್ಕೆ ನಾವು ಪುಣ್ಯದ ಬಣ್ಣ ಬಳಿದಂತಾಗುತ್ತದೆ.

*ಗೌರವದ ಟಾಂಗಾ*

ಹಾಗಾದರೆ ಯುವಕರ ಮಾತೇ ಸರಿಯೇ? ಅದಕ್ಕೂ ಬಾಬಾಸಾಹೇಬರ ಪ್ರಯಾಣಗಳಲ್ಲೇ ಉತ್ತರವಿದೆ.

1901ರಲ್ಲಿ ಬಾಲಕ ಭೀಮರಾವ್ ಸಾತಾರಾದಿಂದ ತಂದೆ ಕೆಲಸ ಮಾಡುತ್ತಿದ್ದ ಊರಿಗೆ ರೈಲಿನಲ್ಲಿ ಹೊರಟದ್ದು ನಮಗೆಲ್ಲ ಗೊತ್ತಿರುವ ಕಥೆ. ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ವಿವರವಿದೆ. ಮೊದಲ ರೈಲು ಪ್ರಯಾಣವೆಂದು ಆ ಮಕ್ಕಳಿಗೆ ಹೊಸ ಅಂಗಿ, ಹೊಳೆಯುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ ಕೊಡಿಸಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಆ ಬಟ್ಟೆ ನೋಡಿ ಸ್ಟೇಷನ್ ಮಾಸ್ತರ್ ಇವರನ್ನು ಬ್ರಾಹ್ಮಣರ ಮಕ್ಕಳೆಂದೇ ತಿಳಿದಿದ್ದ. ಜಾತಿ ಗೊತ್ತಾದ ಕ್ಷಣವೇ ಅವನ ಮುಖ ಬದಲಾಯಿತು. ಬಾಡಿಗೆ ಗಾಡಿ ಯಾವುದೂ ಸಿಗಲಿಲ್ಲ. ಎರಡು ಪಟ್ಟು ಹಣ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಟಿಕೆಟ್ ಕೊಂಡವರನ್ನು ರೈಲು ಕೂರಿಸಿಕೊಂಡಿತು, ಇಳಿದ ಮೇಲೆ ಊರು ಕೂರಿಸಿಕೊಳ್ಳಲಿಲ್ಲ. ಆದ್ದರಿಂದ ನಮ್ಮ ಮಕ್ಕಳು ಹೊಸ ಬಟ್ಟೆ ತೊಟ್ಟು ವಿಮಾನದ ಕಿಟಕಿ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವ ಆಸೆಯನ್ನು ಬರೀ ತಣ್ಹಾ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದರೊಳಗೆ ನೂರು ವರ್ಷಕ್ಕೂ ಹಳೆಯ ಬಾಯಾರಿಕೆ ಇದೆ.

ಆದರೆ 1929ರ ಚಾಳೀಸ್‌ಗಾಂವ್ ಘಟನೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಗ ಬಾಬಾಸಾಹೇಬರು ಓದಿ ಬಂದ ಬ್ಯಾರಿಸ್ಟರ್. ಮುಂಬಯಿ ಸರ್ಕಾರದ ಸಮಿತಿಯ ಸದಸ್ಯರೂ ಹೌದು. ರೈಲಿನಿಂದ ಇಳಿದರೆ ಅವರನ್ನು ಕೂರಿಸಿಕೊಳ್ಳಲು ಯಾವ ಟಾಂಗಾವಾಲನೂ ಒಪ್ಪಲಿಲ್ಲ. ಕೇರಿ ಹತ್ತಿರವೇ ಇತ್ತು, ನಡೆದೇ ಹೋಗಬಹುದಿತ್ತು. ಆದರೆ ತಮ್ಮ ಅತಿಥಿ ನಡೆದು ಬರುವುದು ಅವರ ಘನತೆಗೆ ಕುಂದು ಎಂದು ನಮ್ಮ ಜನರಿಗೆ ಅನ್ನಿಸಿತು. ಟಾಂಗಾ ಬಾಡಿಗೆಗೆ ಪಡೆದು, ಹೊಡೆದು ರೂಢಿಯಿಲ್ಲದ ನಮ್ಮವನೊಬ್ಬನನ್ನೇ ಕೂರಿಸಿದರು. ಗಾಡಿ ಉರುಳಿ ಬಾಬಾಸಾಹೇಬರ ಕಾಲಿನ ಮೂಳೆ ಮುರಿಯಿತು. ನನ್ನ ಮರ್ಯಾದೆ ಉಳಿಸಲು ಹೋಗಿ ನನ್ನ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎಂಬ ಅರ್ಥದಲ್ಲಿ ಅವರು ಮುಂದೆ ಇದನ್ನು ಬರೆದುಕೊಂಡರು.

ಆ ಜನರ ಪ್ರೀತಿಯನ್ನು ಯಾರೂ ಅನುಮಾನಿಸುವಂತಿಲ್ಲ. ತಪ್ಪು ಇದ್ದದ್ದು ಕೂರಿಸಿಕೊಳ್ಳದವರಲ್ಲಿ. ಆದರೂ ಪಾಠ ನಮಗೇ ಇದೆ. ಕೈಸಾಲ ಮಾಡಿಯೋ, ಕಂತಿನ ಮೇಲೋ ವಿಮಾನದ ಟಿಕೆಟ್ ಕೊಂಡು, ಮಗಳ ಕಾಲೇಜು ಶುಲ್ಕದ ಹೊತ್ತಿಗೆ ಕೈ ಖಾಲಿ ಮಾಡಿಕೊಂಡರೆ ಅದೂ ಚಾಳೀಸ್‌ಗಾಂವ್ ಟಾಂಗಾವೇ. ಗೌರವ ಬೇಕು. ಆದರೆ 'ನೋಡುವವರು ಏನಂದುಕೊಂಡಾರು' ಎಂಬುದು ಅದರ ಲಗಾಮು ಹಿಡಿಯಬಾರದು.

*ಮರದಡಿ ಕೂತ ಭಿಕ್ಖು*

ಪ್ರಯಾಣದ ವಾಹನದ ಬಗ್ಗೆ ಬುದ್ಧರ ಎದುರಿಗೇ ಒಂದು ಪ್ರಶ್ನೆ ಬಂದಿತ್ತು. ವಿನಯಪಿಟಕದ ಮಹಾವಗ್ಗದಲ್ಲಿ ಅದರ ಪ್ರಸಂಗವಿದೆ. ಕೆಲವು ಭಿಕ್ಖುಗಳು ಮೋಜುಗಾರರ ಹಾಗೆ ಗಾಡಿಯಲ್ಲಿ ತಿರುಗುತ್ತಾರೆಂದು ಜನ ಆಡಿಕೊಂಡಾಗ, ಭಿಕ್ಖುಗಳು ವಾಹನ ಏರಬಾರದೆಂಬ ನಿಯಮ ಬಂತು. ಆಮೇಲೆ ಒಬ್ಬ ಭಿಕ್ಖು ಬುದ್ಧರನ್ನು ಕಾಣಲು ಕೋಸಲ ದೇಶದಲ್ಲಿ ಶ್ರಾವಸ್ತಿಯ ಕಡೆಗೆ ನಡೆದು ಹೊರಟಿದ್ದಾಗ ದಾರಿಯಲ್ಲಿ ಕಾಯಿಲೆ ಬಿದ್ದು ಒಂದು ಮರದಡಿ ಕೂತುಬಿಟ್ಟ. ಜನ ಗಾಡಿ ಹತ್ತಲು ಕರೆದರು. ನಿಯಮವಿದೆಯೆಂದು ಆತ ಹತ್ತಲಿಲ್ಲ. ಈ ವಿಷಯ ತಿಳಿದ ಬುದ್ಧರು, ಕಾಯಿಲೆಯವರು ವಾಹನ ಏರಬಹುದು ಎಂದು ನಿಯಮವನ್ನೇ ಸಡಿಲಿಸಿದರು.

ಅಂದರೆ ಆಡಂಬರಕ್ಕೆ ಹಾಕಿದ ತಡೆ ದಣಿದ ದೇಹಕ್ಕೆ ಶಿಕ್ಷೆ ಆಗಬಾರದು. 1956ರಲ್ಲೂ ಹಾಗೆಯೇ ಆಯಿತು. ದೀಕ್ಷೆಗೆ ಕೆಲವು ದಿನ ಮೊದಲು, ಆರೋಗ್ಯ ತೀರ ಕೆಟ್ಟಿದ್ದ ಬಾಬಾಸಾಹೇಬರು ದೆಹಲಿಯಿಂದ ವಿಮಾನದಲ್ಲಿ ನಾಗಪುರಕ್ಕೆ ಬಂದರು. ಲಕ್ಷಾಂತರ ಜನ ರೈಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಬಂದರು. ಅಕ್ಟೋಬರ್ 14ರಂದು ಎಲ್ಲರೂ ಒಂದೇ ಮೈದಾನದಲ್ಲಿ ಸೇರಿದರು.

*ನಮ್ಮ ಪ್ರಯಾಣದ ಭಾರ ಯಾರ ಮೇಲೆ?*

ನಮ್ಮ ಮನೆಯಲ್ಲಿ ಇನ್ನೊಂದು ವಾದ ಎತ್ತಿದ್ದು ಮಗಳು. ವಿಮಾನಕ್ಕೆ ಹೋಲಿಸಿದರೆ ರೈಲು ಒಬ್ಬ ಪ್ರಯಾಣಿಕರ ಲೆಕ್ಕಕ್ಕೆ ಉಗುಳುವ ಇಂಗಾಲ ಬಹಳ ಕಡಿಮೆ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ ಎಂಬುದನ್ನು ಸೇರಿಸಿಕೊಂಡರೂ ಈ ವ್ಯತ್ಯಾಸ ಉಳಿಯುತ್ತದೆ. ಏರುವ ಬಿಸಿಲು ಎಲ್ಲರಿಗೂ ಒಂದೇ ಅಲ್ಲ. ವಿಮಾನದಲ್ಲಿ ಹಾರುವವರು ಹವಾನಿಯಂತ್ರಿತ ಕೋಣೆಗೆ ಮರಳುತ್ತಾರೆ. ರಾಯಚೂರಿನ ಹತ್ತಿ ಹೊಲದಲ್ಲಿ, ಕಲಬುರಗಿಯ ತೊಗರಿ ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ನಿಂತವರು ನಮ್ಮವರು. ಇದು ಮೊದಲನೇ ಶೀಲಕ್ಕೇ ಸೇರಿದ ಪ್ರಶ್ನೆ. ಕಣ್ಣಿಗೆ ಕಾಣದಷ್ಟು ದೂರದಲ್ಲಿ ಆಗುವ ಹಿಂಸೆಯೂ ಹಿಂಸೆಯೇ.

ಹಾಗೆಂದು ರೈಲು ಹತ್ತಿದ ಮಾತ್ರಕ್ಕೆ ಕೈ ತೊಳೆದುಕೊಂಡಂತೆ ಆಗುವುದಿಲ್ಲ. ದಶಕಗಳ ಕಾಲ ರೈಲಿನ ಕಕ್ಕಸಿನಿಂದ ಹಳಿಯ ಮೇಲೆ ಬಿದ್ದದ್ದನ್ನು ತೆಗೆದ ಕೈಗಳು ಯಾರವು ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ನಮ್ಮ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದ ಹೋರಾಟ, 2013ರ ಕಾಯ್ದೆ, 2014ರ ಸುಪ್ರೀಂ ಕೋರ್ಟ್ ತೀರ್ಪು ಇವೆಲ್ಲ ಆದ ಮೇಲೂ ಈ ವಿಷಯ ಪೂರ್ತಿ ಮುಗಿದಿಲ್ಲ. ಬೋಗಿಗಳಿಗೆ ಬಯೋ-ಟಾಯ್ಲೆಟ್ ಬಂದು ಹಳಿಗಳ ಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಬೋಗಿ ತೊಳೆಯುವ ಗುತ್ತಿಗೆ ಕಾರ್ಮಿಕರು ಯಾರು ಎಂದು ಮುಖ ನೋಡಿ ಮಾತಾಡಿಸಿದರೆ ಗೊತ್ತಾಗುತ್ತದೆ.

ಆದ್ದರಿಂದ ಪೂರ್ತಿ 'ಶುದ್ಧ'ವಾದ ವಾಹನ ಯಾವುದೂ ಇಲ್ಲ. ಶುದ್ಧವಾದದ್ದನ್ನೇ ಹುಡುಕುವ ಹಟ ನಮಗೆ ಹೊಸದೂ ಅಲ್ಲ. ಅದು ಹಳೆಯ ಮಡಿಯ ಅಭ್ಯಾಸ. ನಾನು ಮೈಲಿಗೆ ಆಗಬಾರದು ಎನ್ನುವುದು ಮಡಿಯ ಚಿಂತೆ. ನನ್ನಿಂದ ಯಾರಿಗೆ ನೋವಾಗುತ್ತದೆ, ಅದನ್ನು ಎಷ್ಟು ಕಡಿಮೆ ಮಾಡಬಹುದು ಎನ್ನುವುದು ಧಮ್ಮದ ಚಿಂತೆ.

*ಬಿಡುವುದಾದರೆ ನಮ್ಮದನ್ನು ಬಿಡೋಣ*

ನಾವು ಕೊನೆಗೆ ಏನು ಮಾಡಿದೆವು ಎಂದು ಹೇಳಿಬಿಡುತ್ತೇನೆ. ಅತ್ತೆಯನ್ನು ಕೇಳಿದೆವು. ಅವರ ಎರಡೂ ಮಂಡಿ ಸವೆದಿವೆ. "ರೈಲಾದ್ರೂ ಆಗ್ಲಿ, ಇಮಾನಾದ್ರೂ ಆಗ್ಲಿ. ರಾತ್ರಿ ಹೊತ್ತು ಎದ್ದು ಆ ಅಲ್ಲಾಡೋ ಕಕ್ಕಸ್‌ಗೆ ಹೋಗೋದೊಂದೇ ನಂಗೆ ಭಯ ಕಣವ್ವ" ಎಂದರು. ಸರಳತೆ, ಗೌರವ, ಇಂಗಾಲ ಎಂದು ನಾವು ಚರ್ಚಿಸುತ್ತಿದ್ದ ಯಾವುದರಲ್ಲೂ ಇಲ್ಲದ ಮಾತು ಅದು. ಮಗಳು ತನ್ನ ವಾದ ಬಿಡಲಿಲ್ಲ, ಆದರೆ ಅದನ್ನು ಸರಿಯಾದ ಜಾಗದಲ್ಲಿಟ್ಟಳು: "ನನ್ನ ಪಾಲಿನ ಹೊಗೆ ನಾನು ಬಿಡ್ತೀನಿ. ಅಜ್ಜಿ ಪಾಲಿಂದನ್ನ ನಾನ್ಯಾಕೆ ಬಿಡ್ಲಿ?"

ಅತ್ತೆಗೆ ಎರಡೂ ಕಡೆಗೆ ವಿಮಾನ. ಹೋಗುವಾಗ ಅವರ ಜೊತೆ ನನ್ನ ಸಂಗಾತಿ ಮತ್ತು ಮಗ. ಅಜ್ಜಿ ಮೊಮ್ಮಗ ಇಬ್ಬರಿಗೂ ಇದೇ ಮೊದಲ ಹಾರಾಟ. ಮಗಳು ಮತ್ತು ನಾನು ಸಂಘಮಿತ್ರಾದಲ್ಲಿ. ಬರುವಾಗ ಅತ್ತೆಯ ಜೊತೆ ನಾನು, ಉಳಿದ ಮೂವರು ರೈಲಿನಲ್ಲಿ. ಖರ್ಚು ಇದ್ದ ಉಳಿತಾಯದೊಳಗೇ ನಿಂತಿತು. ಇದರಲ್ಲಿ ನಷ್ಟವೂ ಇದೆ. ಐವರೂ ಒಂದೇ ಬೋಗಿಯಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುವ ಒಂದು ಇಡೀ ದಿನ ನಮಗೆ ಸಿಗುವುದಿಲ್ಲ. ಇದೇ ಎಲ್ಲರಿಗೂ ಸರಿಯಾದ ಉತ್ತರವೆಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಹಿರಿಯರ ಮಂಡಿ ಗಟ್ಟಿಯಾಗಿದ್ದರೆ ಲೆಕ್ಕವೇ ಬೇರೆ.

ಕ್ರಿಯೆಯ ಹಿಂದಿನ ಚೇತನವನ್ನೇ ಬುದ್ಧರು ಕಮ್ಮ ಎಂದರು. ಹಾಗಾಗಿ ನಾನು ಹಿಡಿದುಕೊಂಡ ಅಳತೆ ಇಷ್ಟೇ: ಬಿಟ್ಟುಕೊಡುವುದಿದ್ದರೆ ನನ್ನ ಪಾಲಿನದನ್ನು ಬಿಡಬೇಕು, ಬೇರೆಯವರ ಪಾಲಿನದನ್ನಲ್ಲ. ಆಯ್ಕೆ ಇರುವವರು ಬಿಟ್ಟರೆ ಅದು ತ್ಯಾಗ. ಆಯ್ಕೆಯೇ ಇಲ್ಲದವರಿಗೆ ತ್ಯಾಗ ಬೋಧಿಸಿದರೆ ಅದು ಹಳೆಯ ವ್ಯವಸ್ಥೆಯ ಹೊಸ ದನಿ.

ಇದು ಮನೆಯೊಳಗೆ ಮುಗಿಯುವ ವಿಷಯವೂ ಅಲ್ಲ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಜನರಲ್ ಬೋಗಿಯಲ್ಲಿ ಇವತ್ತೂ ಒಂಟಿಕಾಲಲ್ಲಿ ನಿಂತು ಹೋಗುವವರಿದ್ದಾರೆ. ಅವರಿಗೂ ಕೂರುವ ಜಾಗ, ಶುಚಿಯಾದ ಕಕ್ಕಸು, ಕುಡಿಯುವ ನೀರು ಸಿಗಲೆಂದು ಮನವಿ ಬರೆಯುವುದು, ಸಂಘಟಿತರಾಗಿ ಕೇಳುವುದು ಕೂಡ ಧಮ್ಮಯಾತ್ರೆಯ ಭಾಗವೇ. ರೈಲಿನಲ್ಲಿ ಹೋಗುವುದು ಯಾರಿಗೂ ಶಿಕ್ಷೆ ಅನ್ನಿಸದಂತೆ ಆದ ದಿನ, ವಿಮಾನ ಬಿಡಿ ಎಂದು ಹೇಳುವ ನೈತಿಕ ಹಕ್ಕು ನಮಗೆ ಇನ್ನಷ್ಟು ಬರುತ್ತದೆ.

*ಇಂದಿನ ಅಭ್ಯಾಸಕ್ಕೆ:* ನಿಮ್ಮ ಮನೆಯಲ್ಲಿ ಇತ್ತೀಚೆಗೆ 'ಅದೆಲ್ಲ ನಮಗೆ ಬೇಡ' ಎಂದು ಬಿಟ್ಟ ಒಂದು ವಸ್ತುವನ್ನೋ ಸೌಕರ್ಯವನ್ನೋ ನೆನಪಿಸಿಕೊಳ್ಳಿ. ಬಿಟ್ಟವರು ಯಾರು? ಅದರಿಂದ ಕಷ್ಟವಾದದ್ದು ಯಾರಿಗೆ? ಇಬ್ಬರೂ ಒಬ್ಬರೇನಾ? ರಾತ್ರಿ ಊಟದ ಹೊತ್ತಿಗೆ ಮನೆಯವರ ಜೊತೆ ಮಾತಾಡಿ, ಸಾಧ್ಯವಾದರೆ ಗುಂಪಿನಲ್ಲಿ ನಾಲ್ಕು ಸಾಲು ಬರೆಯಿರಿ.

ಜೈ ಭೀಮ್. ನಮೋ ಬುದ್ಧಾಯ.