ಕಡಿಯಲ್ಪಟ್ಟ ಕಿವಿಯೂ ಹೊಡೆಯಲ್ಪಟ್ಟ ಕೆನ್ನೆಯೂ

ದಂಡಿಗನಹಳ್ಳಿ ಹೋಬಳಿಯ ಒಂದು ಚಿಕ್ಕ ಸಭೆಯಲ್ಲಿ ಭಾನುವಾರದ ಆರಾಧನೆಯು ಮುಗಿದ ಬಳಿಕ ಇಬ್ಬರು ಹಿರಿಯರಿಗೆ ವಾದವು ಹುಟ್ಟಿತು. ಒಬ್ಬನ ಮಗನನ್ನು ಕಳವಿನ ಸಂದೇಹದ ಮೇಲೆ ಠಾಣೆಗೆ ಕರೆದುಕೊಂಡು ಹೋಗಿ, ಕೇರಿಯ ಹೆಸರೆತ್ತಿ ಬೈದು, ಹೊಡೆದು, ಮರುದಿನ ತಪ್ಪಿಲ್ಲವೆಂದು ಬಿಟ್ಟುಬಿಟ್ಟಿದ್ದರು. ಮತ್ತೊಬ್ಬನ ಮಗನು ಕಾನ್‌ಸ್ಟೇಬಲನು. ಜಾತ್ರೆಯ ಬಂದೋಬಸ್ತಿಗೆ ನಿಂತಿದ್ದಾಗ ಗುಂಪಿನಿಂದ ಕಲ್ಲೇಟು ತಿಂದು ತಲೆಗೆ ಹೊಲಿಗೆ ಹಾಕಿಸಿಕೊಂಡವನು. ಮೊದಲನೆಯವನು, "ಪೊಲೀಸಿನವರಿಗೆ ಕಲ್ಲು ಬಿದ್ದರೆ ನನಗೇನೂ ದುಃಖವಿಲ್ಲಣ್ಣಾ" ಅಂದನು. ಎರಡನೆಯವನು, "ನಿನ್ನ ಮಗ ಏನೂ ಮಾಡದಿದ್ದರೆ ಸುಮ್ಮನೆ ಹಿಡಿಯುತ್ತಿದ್ದರೇನು?" ಅಂದನು. ಒಂದೇ ರೊಟ್ಟಿಯಲ್ಲಿ ಪಾಲುಗಾರರಾದ ಆ ಇಬ್ಬರೂ ಒಬ್ಬರನ್ನೊಬ್ಬರು ವಂದಿಸದೆ ಮನೆಗೆ ಹೋದರು.

ಪ್ರಿಯ ವಾಚಕರೇ, ಇವರಲ್ಲಿ ಯಾರ ಮಾತು ಸರಿ? ಹಾಗೆ ತೀರ್ಮಾನಿಸುವದಕ್ಕೆ ಮೊದಲು ನಮ್ಮ ಕರ್ತನು ಹಿಡಿಯಲ್ಪಟ್ಟ ರಾತ್ರಿಯನ್ನು ಜ್ಞಾಪಕಕ್ಕೆ ತಂದುಕೊಳ್ಳೋಣ. ಆ ರಾತ್ರಿ ತೋಟದಲ್ಲಿ ಪೇತ್ರನು ಕತ್ತಿಯನ್ನು ಹಿರಿದು ಮಹಾಯಾಜಕನ ಆಳಾದ ಮಲ್ಕನ ಕಿವಿಯನ್ನು ಕಡಿದನು. ಹಿಡಿಯುವದಕ್ಕೆ ಬಂದವರು ಅನ್ಯಾಯಕ್ಕಾಗಿಯೇ ಬಂದವರು. ಆದರೂ ಕರ್ತನು ಪೇತ್ರನನ್ನು ತಡೆದು, ಆ ಆಳಿನ ಕಿವಿಯನ್ನು ಮುಟ್ಟಿ ವಾಸಿಮಾಡಿದನು. ಅದೇ ರಾತ್ರಿ, ವಿಚಾರಣೆಯ ಸ್ಥಳದಲ್ಲಿ, ಓಲೇಕಾರನೊಬ್ಬನು ಕರ್ತನಿಗೇ ಏಟು ಕೊಟ್ಟನು. ಕರ್ತನು ತಿರುಗಿ ಹೊಡೆಯಲಿಲ್ಲ; ಆದರೆ ಸುಮ್ಮನೆಯೂ ಇರಲಿಲ್ಲ. ತಾನು ಆಡಿದ್ದು ತಪ್ಪಾಗಿದ್ದರೆ ಆ ತಪ್ಪಿಗೆ ಸಾಕ್ಷಿ ಕೊಡಬೇಕೆಂದೂ, ಸರಿಯಾಗಿದ್ದರೆ ಹೊಡೆದದ್ದು ಯಾತಕ್ಕೆಂದೂ ಕೇಳಿದನು. ಆಳಿನ ಕಿವಿಯನ್ನು ಮುಟ್ಟಿ ವಾಸಿಮಾಡಿದ ಕರ್ತನೇ ಓಲೇಕಾರನ ಏಟಿಗೆ ಲೆಕ್ಕ ಕೇಳಿದನು. ಇವೆರಡರಲ್ಲಿ ಒಂದನ್ನು ಹಿಡಿದು ಮತ್ತೊಂದನ್ನು ಬಿಡುವವನು ಕರ್ತನ ಮಾರ್ಗದಲ್ಲಿ ಅರ್ಧ ದಾರಿ ಮಾತ್ರ ನಡೆದವನು.

ಮೊದಲು ಏಟಿನ ವಿಷಯ. ಅಧಿಕಾರವು ದೇವರಿಂದ ನೇಮಿಸಲ್ಪಟ್ಟದ್ದೆಂದು ಅಪೊಸ್ತಲನು ಕಲಿಸುತ್ತಾನೆ, ನಿಜವೇ. ಆದರೆ ನೇಮಿಸಲ್ಪಟ್ಟವನು ನೇಮಿಸಿದಾತನಿಗೆ ಲೆಕ್ಕ ಒಪ್ಪಿಸಬೇಕಲ್ಲವೇ? ಸ್ನಾನಿಕನಾದ ಯೋಹಾನನು ತನ್ನ ಬಳಿಗೆ ಬಂದ ಸಿಪಾಯಿಗಳಿಗೆ ಕೆಲಸವನ್ನು ಬಿಡಿರೆಂದು ಹೇಳಲಿಲ್ಲ. ಜನರನ್ನು ಹೆದರಿಸಿ ಸುಲಿಯಬೇಡಿರೆಂದೂ ಸಂಬಳದಲ್ಲಿ ತೃಪ್ತರಾಗಿರಬೇಕೆಂದೂ ಬುದ್ಧಿ ಹೇಳಿದನು. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ, 2021ನೆಯ ಮೇ ತಿಂಗಳಲ್ಲಿ, ನೀರು ಕೇಳಿದ ತನಗೆ ಮೂತ್ರವನ್ನು ಕುಡಿಸಿದರೆಂದು ಒಬ್ಬ ದಲಿತ ಯುವಕನು ದೂರು ಕೊಟ್ಟನು. ಸಬ್‌ಇನ್‌ಸ್ಪೆಕ್ಟರನನ್ನು ಅಮಾನತಿನಲ್ಲಿಟ್ಟು, ತನಿಖೆಯನ್ನು ಸಿಐಡಿಗೆ ಒಪ್ಪಿಸಿ, ಅದೇ ವರ್ಷ ಅವನನ್ನು ಬಂಧಿಸಿದರು. ಕೆಳಗಿನ ಕೇರಿಯವನ ಮೈಮೇಲೆ ಕೈ ಸುಲಭವಾಗಿ ಏಳುತ್ತದೆಂಬದನ್ನು ನಮ್ಮಲ್ಲಿ ಅನೇಕರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಕಲ್ಲಿನ ವಿಷಯ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿಕೊಂಡಿದ್ದಾಗ, ಅಲ್ಲಿಗೆ ಬಂದ ಅಮಲ್ದಾರನೂ ಸಬ್‌ಇನ್‌ಸ್ಪೆಕ್ಟರನೂ ಜನರ ಕೈಯಲ್ಲಿ ಹತರಾದರು. 1943ರಲ್ಲಿ ಆ ಊರಿನ ಐದು ಮಂದಿಯನ್ನು ಗಲ್ಲಿಗೇರಿಸಿದರು. ಆ ಐವರ ದೇಶಪ್ರೀತಿಯನ್ನು ನಾಡು ಗೌರವಿಸುವದು ಯೋಗ್ಯವೇ. ಆದರೂ ಅಂದು ಸತ್ತ ಅಧಿಕಾರಿಗಳಿಬ್ಬರೂ ಕನ್ನಡ ತಾಯಂದಿರ ಮಕ್ಕಳೇ ಎಂಬದನ್ನು ಕ್ರೈಸ್ತನು ಮರೆಯಬಾರದು. ಬೆಂಗಳೂರಿನಲ್ಲಿ 2020ನೆಯ ಆಗಸ್ಟ್ 11ರ ರಾತ್ರಿ ಗುಂಪುಗಳು ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿ ಠಾಣೆಗಳ ಮೇಲೆ ಬಿದ್ದವು. ಅನೇಕ ಪೊಲೀಸರು ಗಾಯಗೊಂಡರು. ಗುಂಡಿನೇಟಿಗೆ ಮೂವರು ಸತ್ತರು. ಆ ಕಲ್ಲುಗಳಿಂದ ಯಾವ ನ್ಯಾಯವು ಸಿಕ್ಕಿತು?

ದೂರದ ಅಮೇರಿಕದಲ್ಲಿಯೂ ಇದೇ ಪಾಠವಿದೆ. 2016ನೆಯ ಜುಲೈ 7ರಂದು ಡಲ್ಲಾಸ್ ಪಟ್ಟಣದಲ್ಲಿ, ಪೊಲೀಸರು ಕರಿಯ ಜನರನ್ನು ಕೊಂದದ್ದನ್ನು ಖಂಡಿಸುವ ಮೆರವಣಿಗೆಯು ಶಾಂತವಾಗಿ ನಡೆಯುತ್ತಿತ್ತು. ಅದನ್ನು ಕಾಯುತ್ತಿದ್ದ ಪೊಲೀಸರಲ್ಲಿ ಐವರನ್ನು ಒಬ್ಬನು ಗುಂಡಿಟ್ಟು ಕೊಂದನು. ಆ ಐದು ಮರಣಗಳಿಂದ ಒಬ್ಬ ಕರಿಯ ತಾಯಿಯ ಕಣ್ಣೀರಾದರೂ ಒರಸಲ್ಪಡಲಿಲ್ಲ. ಆದರೆ 2020ನೆಯ ಮೇ 25ರಂದು ಮಿನಿಯಾಪೊಲಿಸ್ ಪಟ್ಟಣದಲ್ಲಿ ಪೊಲೀಸಿನವನೊಬ್ಬನು ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದಾಗ, ದಾರಿಯಲ್ಲಿ ನಿಂತಿದ್ದ ಒಬ್ಬ ಹುಡುಗಿಯು ಅದನ್ನು ಚಿತ್ರಿಸಿಕೊಂಡಳು. ನ್ಯಾಯಸ್ಥಾನದಲ್ಲಿ ಅವಳೂ ಸಾಕ್ಷಿ ಹೇಳಿದಳು. ಆ ಪಟ್ಟಣದ ಪೊಲೀಸು ಮುಖ್ಯಸ್ಥನೂ ತನ್ನ ಕೈಕೆಳಗಿದ್ದವನ ವಿರೋಧವಾಗಿ ಸಾಕ್ಷಿ ಹೇಳಿದನು. 2021ರಲ್ಲಿ ಹೊಡೆದವನು ಅಪರಾಧಿಯೆಂದು ತೀರ್ಪಾಯಿತು. ಕಲ್ಲಿಗೂ ಗುಂಡಿಗೂ ಆಗದ್ದು ಸಾಕ್ಷಿಯಿಂದ ಆಯಿತು. ಕರ್ತನು ಕೇಳಿದ್ದೂ ಸಾಕ್ಷಿಯನ್ನೇ ಅಲ್ಲವೇ?

ಒಬ್ಬನು ಹೀಗನ್ನಬಹುದು: "ಅಯ್ಯಾ, ಬಡವನ ಸಾಕ್ಷಿಯನ್ನು ಕೇಳುವವರು ಯಾರು?" ಇದು ಸುಳ್ಳಲ್ಲದ ದುಃಖ. ಆದರೆ ಪೌಲನನ್ನು ನೋಡಿರಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಅವನನ್ನೂ ಸೀಲನನ್ನೂ ಹೊಡೆಸಿ ಸೆರೆಯಲ್ಲಿ ಹಾಕಿದರು. ಮರುದಿನ ಗುಟ್ಟಾಗಿ ಕಳುಹಿಸಬೇಕೆಂದಿದ್ದಾಗ ಅವನು ಒಪ್ಪದೆ, ತಾನು ರೋಮಾಪುರದ ಹಕ್ಕುದಾರನೆಂದು ತಿಳಿಸಿ, ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಬೇಕೆಂದನು. ಹಕ್ಕನ್ನು ಕೇಳುವದು ಹಗೆಯಲ್ಲ. ನಮಗೂ ಹಕ್ಕುಂಟು. ಹಿಡಿದವನನ್ನು ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವು ಹೇಳುತ್ತದೆ. ಹಿಡಿಯುವವನು ಹೆಸರಿನ ಪಟ್ಟಿಯನ್ನು ಧರಿಸಿರಬೇಕು, ದಸ್ತಗಿರಿಯ ಪತ್ರಕ್ಕೆ ಮನೆಯವರಾಗಲಿ ಊರಿನ ಗೌರವಸ್ಥರಾಗಲಿ ಸಾಕ್ಷಿ ಹಾಕಬೇಕು, ಬಂಧುಗಳಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ.ಬಸು ಮೊಕದ್ದಮೆಯಲ್ಲಿ ಆಜ್ಞಾಪಿಸಿತು. ತಪ್ಪೊಪ್ಪಿಗೆಗಾಗಿ ಹೊಡೆಯುವದು ಏಳು ವರ್ಷದ ವರೆಗೆ ಸೆರೆಗೆ ತಕ್ಕ ಅಪರಾಧ. ಇದನ್ನು ಪ್ರತಿಯೊಂದು ಸಭೆಯಲ್ಲಿಯೂ ಓದಿಹೇಳುವದು ಒಳ್ಳೇದು. ಯಾಕಂದರೆ ಆ ಪತ್ರಕ್ಕೆ ಸಾಕ್ಷಿ ಹಾಕಲು ರಾತ್ರಿಯಲ್ಲಿ ಎದ್ದುಹೋಗುವದು ಸಭೆಯ ಹಿರಿಯನಿಗೆ ತಕ್ಕ ಸೇವೆಯಾಗಿದೆ.

ಇದಲ್ಲದೆ, ಪೊಲೀಸರ ಉಡುಪು ಯಾವಾಗಲೂ ನಮಗೆ ವಿರೋಧವಾಗಿಯೇ ನಿಂತಿದೆಯೆಂದು ಹೇಳುವದು ನ್ಯಾಯವಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ದಲಿತರು ದೇವಸ್ಥಾನಗಳನ್ನು ಪ್ರವೇಶಿಸಿದಾಗ ಅಧಿಕಾರಿಗಳೂ ಪೊಲೀಸರೂ ಸಂಗಡ ನಿಂತಿದ್ದರು. ಹೊಡೆಯಬಲ್ಲ ಕೈಯೇ ಕಾಯಲೂ ಬಲ್ಲದು. ಆದದರಿಂದ ಆ ಕೈಯನ್ನು ಮುರಿಯುವದಲ್ಲ, ತಿದ್ದುವದು ನಮಗೆ ಬೇಕು.

ಆ ಇಬ್ಬರು ಹಿರಿಯರಿಗೆ ನಾವು ಹೇಳತಕ್ಕದ್ದೇನು? ಕಾನ್‌ಸ್ಟೇಬಲನ ತಂದೆಯೇ, ಪೆಟ್ಟು ತಿಂದ ಹುಡುಗನ ದೂರಿನ ಅರ್ಜಿಯ ಸಂಗಡ ನೀನೂ ನಡೆದುಹೋಗು. ನಿನ್ನ ಮಗನ ಕೆಲಸದ ಮಾನವು ಅದರಲ್ಲಿಯೇ ಇದೆ. ಪೆಟ್ಟು ತಿಂದವನ ತಂದೆಯೇ, ಹೊಲಿಗೆ ಹಾಕಿಸಿಕೊಂಡ ಆ ತಲೆಯನ್ನು ನೋಡುವದಕ್ಕೆ ನೀನೂ ಹೋಗು. ಅವನು ಕಲ್ಲಿಗೆ ಗುರಿಯಾದದ್ದು ಉಡುಪಿನ ದೆಸೆಯಿಂದ, ನಿನ್ನ ಮಗನು ಕೇರಿಯ ದೆಸೆಯಿಂದ. ಇಬ್ಬರ ಮುಖವನ್ನೂ ಯಾರೂ ನೋಡಲಿಲ್ಲ. ಫಿಲಿಪ್ಪಿಯಲ್ಲಿ ಆ ರಾತ್ರಿ ಸೆರೆಯ ಯಜಮಾನನು ತನ್ನನ್ನು ಕೊಂದುಕೊಳ್ಳಬೇಕೆಂದಿದ್ದಾಗ, ಬೆನ್ನಿನ ಗಾಯ ಇನ್ನೂ ಹಸಿಯಾಗಿದ್ದ ಪೌಲನೇ ಕೂಗಿ ಅವನ ಪ್ರಾಣವನ್ನು ಉಳಿಸಿದನು. ಬಳಿಕ ಆ ಯಜಮಾನನು ದೀಪ ತಂದು, ತನ್ನ ಕೈಯಿಂದಲೇ ಆ ಗಾಯಗಳನ್ನು ತೊಳೆದನು. ಅಂಥ ರಾತ್ರಿಯನ್ನು ದೇವರು ನಮ್ಮ ಊರುಗಳಿಗೂ ಠಾಣೆಗಳಿಗೂ ದಯಪಾಲಿಸಲಿ.