ಉಚ್ಚಾರಣೆಯೂ ಮಾನವೂ

ಪರಭಾಷೆಯನ್ನು ಕಲಿಯುವವನು ಅದನ್ನು ಯಾರ ಧಾಟಿಯಲ್ಲಿ ನುಡಿಯತಕ್ಕದ್ದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಶಿಕ್ಷಾಶಾಸ್ತ್ರಕ್ಕೆ ಸೇರಿದ್ದಾಗಿ ತೋರುವುದು. ಆದರೆ ಅದರೊಳಗೆ ಧರ್ಮಾಧರ್ಮದ ವಿಚಾರವೂ ಅಡಗಿರುವುದು. ಅರ್ಧ ಶತಮಾನದ ಹಿಂದೆ ನಮ್ಮ ಕಡೆಯ ಬಾಲಕನಿಗೆ ಇಂಗ್ಲಿಷೆಂದರೆ ತನ್ನ ಉಪಾಧ್ಯಾಯರ ಬಾಯಲ್ಲಿ ಬಂದ ಇಂಗ್ಲಿಷು. ಬೇರೊಂದು ಉಂಟೆಂಬುದೇ ಅವನಿಗೆ ತಿಳಿಯದು. ಈಗಲಾದರೋ ನ್ಯಾಮತಿಯ ಜಗುಲಿಯ ಮೇಲೆ ಕುಳಿತ ಮಗುವಿನ ಕೈಯ ಮೊಬೈಲಿನಲ್ಲಿ ಲಂಡನ್ನಿನವರೂ ಅಮೆರಿಕದವರೂ ದೆಹಲಿಯವರೂ ಏಕಕಾಲದಲ್ಲಿ ಮಾತನಾಡುತ್ತಾರೆ. ಮಗುವು ಅವುಗಳಲ್ಲಿ ತಾರತಮ್ಯವನ್ನು ಕಲ್ಪಿಸುವುದು. ಅಮೆರಿಕದ್ದು ಮೇಲು, ಬೆಂಗಳೂರಿನದು ನಡುವು, ತನ್ನ ತಂದೆಯದು ಕಟ್ಟಕಡೆ.

ಈ ಕಡೆಯ ಮಾತೇ ನನ್ನನ್ನು ವಿಚಾರಕ್ಕೆ ಹಚ್ಚಿದ್ದು. ನನ್ನಲ್ಲಿ ಸಂಸ್ಕೃತವನ್ನೋದಿದ ಜಗಳೂರು ಸೀಮೆಯ ಹುಡುಗನೊಬ್ಬನು, ಲೆಕ್ಕದಲ್ಲಿ ಬಲು ಗಟ್ಟಿಗ, ದೊಡ್ಡ ಊರಿನ ಕಾಲೇಜೊಂದನ್ನು ಸೇರಿದನು. ಅಲ್ಲಿ ಒಂದು ದಿನ ‘ಎಗ್’ ಎಂಬುದನ್ನು ‘ಯೆಗ್ಗು’ ಎಂದನಂತೆ. ತರಗತಿಯೆಲ್ಲ ನಕ್ಕಿತು. ನಕ್ಕವರಲ್ಲಿ ಆಂಗ್ಲನೊಬ್ಬನೂ ಇರಲಿಲ್ಲ. ಚನ್ನಗಿರಿಯವರಿದ್ದರು, ಹೊನ್ನಾಳಿಯವರಿದ್ದರು, ಮನೆಯಲ್ಲಿ ಎಲೆಯನ್ನು ‘ಯೆಲೆ’ ಎಂದೂ ಒಲೆಯನ್ನು ‘ವೊಲೆ’ ಎಂದೂ ದಿನವೂ ನುಡಿಯುವವರೇ ಇದ್ದರು. ಪದದ ಮೊದಲಲ್ಲಿ ಎಕಾರ ಬಂದರೆ ಯಕಾರವೂ ಒಕಾರ ಬಂದರೆ ವಕಾರವೂ ಸುಳಿಯುವುದು ಕನ್ನಡ ನಾಲಗೆಯ ನಿಯಮವೇ ಹೊರತು ಮೂಢನ ಲಕ್ಷಣವಲ್ಲ. ಅಂತೂ ಆ ಹುಡುಗನು ಆಮೇಲೆ ಎರಡು ವರ್ಷ ಆ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ನಗೆಯು ಒಬ್ಬನ ಎರಡು ವರ್ಷದ ಜಿಜ್ಞಾಸೆಯನ್ನು ನುಂಗಬಹುದಾದರೆ, ಆ ನಗೆಯನ್ನು ಕೇವಲ ವಿನೋದವೆಂದು ಬಿಡುವುದು ಹೇಗೆ?

ಹಾಗಾದರೆ ಉಚ್ಚಾರಣೆಗೆ ಬೆಲೆಯೇ ಇಲ್ಲವೋ ಎಂದು ವಾಚಕರು ಕೇಳಬಹುದು. ಪಾಠಶಾಲೆಯಲ್ಲಿ ಬೆಳೆದವನು ಹಾಗೆ ಹೇಳಲಾರನು. ವೃತ್ರನ ಕಥೆ ನಮಗೆಲ್ಲ ಕಂಠಸ್ಥವಾದುದಷ್ಟೆ. ತ್ವಷ್ಟೃವು ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ಹೋಮ ಮಾಡಿ ‘ಇಂದ್ರಶತ್ರು’ ಎಂಬ ಪದವನ್ನು ನುಡಿದನು. ಉದಾತ್ತವು ಕಡೆಯ ಅಕ್ಷರದ ಮೇಲಿದ್ದರೆ ಅದು ತತ್ಪುರುಷ, ಇಂದ್ರನಿಗೆ ಹಂತಕನೆಂಬ ಅರ್ಥ. ಮೊದಲ ಅಕ್ಷರದ ಮೇಲೆ ಬಿದ್ದುದರಿಂದ ಬಹುವ್ರೀಹಿಯಾಗಿ, ಇಂದ್ರನೇ ಯಾರಿಗೆ ಹಂತಕನೋ ಅವನು ಎಂದಾಯಿತು. ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ಇಂಗ್ಲಿಷಿನಲ್ಲಿಯೂ ಇಂಥದೇ ಸೂಕ್ಷ್ಮವುಂಟು. ‘ರೆಕಾರ್ಡ್’ ಎಂಬ ಪದದ ಮೊದಲಿಗೆ ಒತ್ತು ಬಿದ್ದರೆ ನಾಮಪದ, ಕೊನೆಗೆ ಬಿದ್ದರೆ ಕ್ರಿಯಾಪದ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್. ಕೆ. ಬನ್ಸಲ್ ಅವರು 1969ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಭಾರತೀಯರ ಇಂಗ್ಲಿಷು ಅನ್ಯರಿಗೆ ತಿಳಿಯದೆ ಹೋಗುವುದಕ್ಕೆ ಪದದೊಳಗೆ ಒತ್ತು ತಪ್ಪುವುದು ಒಂದು ಮುಖ್ಯ ಕಾರಣವೆಂದು ತೋರಿಸಿದರು. ಬಹುಮಟ್ಟಿಗೆ ಕೆಡುವುದು ಸ್ವರದಿಂದ. ನಾವು ನಗುವುದು ಮಾತ್ರ ವರ್ಣವನ್ನು ಕಂಡು!

ಅದೇ ಮಹಾಭಾಷ್ಯದಲ್ಲಿ ಪತಂಜಲಿಯು ಇನ್ನೊಂದು ಕಥೆಯನ್ನು ಹೇಳಿರುವನು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಯರ್ವಾಣರು ತರ್ವಾಣರು ಎಂಬ ಋಷಿಗಳಿದ್ದರಂತೆ. ಮಾತಿನ ನಡುವೆ ‘ಯದ್ವಾ ನಃ’, ‘ತದ್ವಾ ನಃ’ ಎನ್ನಬೇಕಾದಲ್ಲಿ ಹಾಗೆ ಅಪಭ್ರಂಶವಾಗಿ ನುಡಿಯುತ್ತಿದ್ದುದರಿಂದ ಅವರಿಗೆ ಆ ಹೆಸರೇ ನಿಂತಿತು. ಅವರು ಪರಾವರಗಳನ್ನು ಬಲ್ಲ ಜ್ಞಾನಿಗಳು. ಯಜ್ಞಕರ್ಮದಲ್ಲಿ ಮಾತ್ರ ಎಂದೂ ತಪ್ಪಿ ನುಡಿಯುತ್ತಿರಲಿಲ್ಲ. ಭಾಷ್ಯಕಾರನು ಅವರನ್ನು ಹಳಿಯಲಿಲ್ಲ. ಅರ್ಥವು ಕೆಡುವ ಸ್ಥಳ ಯಾವುದು, ಕೆಡದ ಸ್ಥಳ ಯಾವುದು ಎಂಬ ವಿವೇಕ ಅವರಿಗಿತ್ತು, ಅಷ್ಟೇ ಬೇಕಾದದ್ದು.

ಇನ್ನು ಶುದ್ಧವೆಂದು ನಾವು ಪೂಜಿಸುವ ಆಂಗ್ಲೋಚ್ಚಾರಣೆಯಾದರೂ ಎಲ್ಲಿಯದು? 1917ರಲ್ಲಿ ಡೇನಿಯಲ್ ಜೋನ್ಸ್ ಎಂಬ ಪಂಡಿತನು ಉಚ್ಚಾರಣೆಯ ಕೋಶವನ್ನು ರಚಿಸಿದಾಗ ಆಧಾರವಾಗಿ ಹಿಡಿದದ್ದು ದಕ್ಷಿಣ ಇಂಗ್ಲೆಂಡಿನಲ್ಲಿ ಮಕ್ಕಳನ್ನು ದೊಡ್ಡ ವಸತಿಶಾಲೆಗಳಿಗೆ ಕಳುಹಿಸಬಲ್ಲ ಮನೆತನಗಳ ಮಾತನ್ನು. ಲಂಡನ್ನಿನ ಬಡವನು ಹಕಾರವನ್ನು ನುಂಗಿದರೆ ಅದೇ ದೇಶದ ಸಿರಿವಂತನು ನಗುತ್ತಿದ್ದನು. ಬರ್ನಾರ್ಡ್ ಷಾ 1913ರಲ್ಲಿ ರಂಗಕ್ಕೆ ಬಂದ ‘ಪಿಗ್ಮೇಲಿಯನ್’ ನಾಟಕವನ್ನು ಈ ನಗೆಯ ಮೇಲೆಯೇ ಕಟ್ಟಿದನು. ನಮ್ಮ ಹಳ್ಳಿಗಳಲ್ಲಿಯೂ ಹಲವರು ಹಾಲನ್ನು ‘ಆಲು’ ಎನ್ನುತ್ತಾರೆ, ಓದಿದವರು ತಿದ್ದುತ್ತಾರೆ. ತಿದ್ದುವವರ ಹಾಲಾದರೋ ಹಳಗನ್ನಡದಲ್ಲಿ ‘ಪಾಲ್’ ಆಗಿದ್ದಿತು, ಹುಲಿಯು ‘ಪುಲಿ’ಯಾಗಿದ್ದಿತು. ಪಕಾರವನ್ನು ಸಡಿಲಿಸಿ ಹಕಾರ ಮಾಡಿದ ಮೊದಲಿಗರನ್ನು ಅಂದಿನ ಪಂಡಿತರು ಏನೆಂದರೋ!

ಈ ಶತಮಾನದ ಆದಿಯಲ್ಲಿ ಬೆಂಗಳೂರಿನಲ್ಲಿ ಹೆಚ್ಚಿದ ಕಾಲ್ ಸೆಂಟರುಗಳಲ್ಲಿ ನಮ್ಮ ತರುಣ ತರುಣಿಯರಿಗೆ ಧಾಟಿಯನ್ನು ಬದಲಿಸುವ ಶಿಕ್ಷಣವನ್ನು ಕೊಟ್ಟರು. ಅನೇಕರು ರಾತ್ರಿಯ ಕೆಲಸಕ್ಕಾಗಿ ಪಾಶ್ಚಾತ್ಯ ಹೆಸರನ್ನೂ ತೊಟ್ಟುಕೊಂಡರು. ಇದು ಅನೃತವೇ? ನಟನು ರಾಮನ ವೇಷ ಹಾಕಿದರೆ ಸುಳ್ಳಾಗದು, ಏಕೆಂದರೆ ನೋಡುವವನಿಗೆ ಅದು ವೇಷವೆಂದು ಗೊತ್ತು. ಇಲ್ಲಿ ಕೇಳುವವನಿಗೆ ಗೊತ್ತಿಲ್ಲ. ಆದರೂ ಹೊಟ್ಟೆಪಾಡಿಗೆ ದುಡಿದ ಹುಡುಗಿಯ ಮೇಲೆ ದೋಷ ಹೊರಿಸಲು ನನಗೆ ಮನಸ್ಸು ಬಾರದು. ಹೆಸರನ್ನು ಬಿಟ್ಟು ಬಾ ಎಂದವನದು ಆ ಋಣ. ಈಗ ಆಡುವವನ ಧಾಟಿಯನ್ನು ಆಡುತ್ತಿರುವಾಗಲೇ ಮಾರ್ಪಡಿಸಿ ಕೇಳಿಸುವ ಯಂತ್ರಗಳೂ ಬಂದಿವೆ. ಅಲ್ಲಿ ನಾಲಗೆಗೆ ಶ್ರಮವಿಲ್ಲ ನಿಜ. ಕೇಳುವವನೂ ತನ್ನ ಕಿವಿಯನ್ನು ಒಂದಿಷ್ಟೂ ಪಳಗಿಸಬೇಕಾಗಿಲ್ಲ. ಎರಡನೆಯದನ್ನು ನಾನು ಲಾಭವೆಂದು ಎಣಿಸಲಾರೆ.

ಸಂಜೆಯ ಹೊತ್ತು ನೆರೆಮನೆಯ ಮಕ್ಕಳು ಇಂಗ್ಲಿಷ್ ಪುಸ್ತಕವನ್ನು ಹಿಡಿದು ಬರುತ್ತಾರೆ. ವೇದಪುಸ್ತಕದಲ್ಲಿ ಸ್ವರಕ್ಕೆ ಗೆರೆ ಎಳೆಯುವಂತೆ, ಒತ್ತು ಬೀಳುವ ಅಕ್ಷರದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಓದಿಸುತ್ತೇನೆ. ‘ಯೆಗ್ಗು’ ಬಂದರೆ ತಿದ್ದಲು ಹೋಗುವುದಿಲ್ಲ, ಮುಂದಿನ ಪದಕ್ಕೆ ನಡೆಯುತ್ತೇವೆ.