ಬಿರುಕು ಬಿಟ್ಟ ಕಟ್ಟೆಯ ಹಿಂದಿನ ಮುಖ

ಅಳಿದುಹೋಗುವ ಮುಖವೊಂದನ್ನು ಕೂದಲೆಳೆಯಷ್ಟೂ ಬಿಡದೆ ಚಿತ್ರಿಸುವುದು ಮೋಹವೋ, ಧ್ಯಾನವೋ? ಫ್ಲೆಮಿಶ್ ಕಲಾವಿದ ಯಾನ್ ವಾನ್ ಐಕ್ 1432ರಲ್ಲಿ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಪುಟ್ಟ ಭಾವಚಿತ್ರ ಈ ಪ್ರಶ್ನೆಗೆ ಒರೆಗಲ್ಲಾಗಬಲ್ಲದು. ಸುಮಾರು 33 ಸೆಂಟಿಮೀಟರ್ ಎತ್ತರದ ಓಕ್ ಹಲಗೆ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಮುಂಡಾಸು, ಕೆಂಪು ನಿಲುವಂಗಿ ತೊಟ್ಟ ಗಂಡಸು, ಕೈಯಲ್ಲಿ ಕಾಗದದ ಸುರುಳಿ. ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಫ್ರೆಂಚಿನಲ್ಲಿ ‘ನಿಷ್ಠೆಯ ನೆನಪು’ ಎಂಬರ್ಥದ ಎರಡೇ ಪದ. ಶಿಲಾಶಾಸನವೆಂದರೆ ಅಳಿಯದ್ದೆಂದು ಲೋಕದ ನಂಬಿಕೆ. ಇಲ್ಲಿ ಶಿಲೆಯೇ ಬಿರುಕು ಬಿಟ್ಟಿದೆ, ಅಂಚು ಚಕ್ಕೆಯೆದ್ದಿದೆ. ಅದು ಕಾಲದ ಏಟಲ್ಲ, ಕಲಾವಿದ ಬೇಕೆಂದೇ ಬರೆದದ್ದು.

ವೈರಾಗ್ಯದ ಕಡೆಯವರು ಹೇಳಿಯಾರು: ದೇಹವೇ ನಶ್ವರ, ಅದರ ಚಿತ್ರ ಅಹಂಕಾರಕ್ಕೆ ಹಚ್ಚಿದ ಬಣ್ಣ. ಆದರೆ ಅಹಂಕಾರ ಬಯಸುವುದು ಮುಖಸ್ತುತಿಯನ್ನು. ಇಲ್ಲಿ ಮುಖವಿದೆ, ಸ್ತುತಿಯಿಲ್ಲ. ಮೊಂಡು ಮೂಗನ್ನು ತಿದ್ದಿಲ್ಲ, ರಾಜಠೀವಿಯನ್ನು ಹೊದಿಸಿಲ್ಲ. ಸೀಮೆಸುಣ್ಣ, ಅಂಟು ಬೆರೆಸಿದ ಬಿಳಿ ಲೇಪದ ಮೇಲೆ ಎಣ್ಣೆಬಣ್ಣದ ತೆಳು ಪದರಗಳನ್ನು ಒಂದರ ಮೇಲೊಂದು ಹರಡುವ ವಿಧಾನ ಇದು. ಬೆಳಕು ಪದರಗಳನ್ನು ತೂರಿ, ಬಿಳಿ ತಳವನ್ನು ಮುಟ್ಟಿ ಮರಳುವುದರಿಂದ ಚರ್ಮ ಒಳಗಿನಿಂದಲೇ ಬೆಳಗಿದಂತಿದೆ. ಕುಂಚದ ಗುರುತು ಕಣ್ಣಿಗೆ ಬೀಳುವುದಿಲ್ಲ. ಆತನ ನೋಟ ನಮ್ಮನ್ನು ದಾಟಿ ಎತ್ತಲೋ ನೆಟ್ಟಿದೆ. ಮೆಚ್ಚುಗೆ ಬೇಡುವವನ ನೋಟ ಅದಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ನೆನಪು ಎಂದು ಬರೆದರೂ ನೆನೆಯಲು ಹೆಸರೆಲ್ಲಿ? ಗ್ರೀಕ್ ಅಕ್ಷರಗಳಲ್ಲಿ ‘ತಿಮೊಥೆಯೋಸ್’ ಎಂದೇನೋ ಇದೆ; ಆದರೆ ಆತ ಸಂಗೀತಗಾರನೋ ಕಾನೂನು ಬಲ್ಲವನೋ ಎಂಬ ಊಹಾಪೋಹ ಮುಗಿದಿಲ್ಲ. ಕಾನೂನು ಪತ್ರದ ಧಾಟಿಯಲ್ಲಿ ಅಕ್ಟೋಬರ್ 10ರ ತಾರೀಖು ಹಾಕಿ ತನ್ನ ಹೆಸರು ಬರೆದ ಕಲಾವಿದನೇ ಉಳಿದುಕೊಂಡ. ನೆನಪೆಂದರೆ ವಿಳಾಸವಾದರೆ ಈ ಚಿತ್ರ ಸೋತಿತು, ಒಪ್ಪೋಣ. ಆದರೆ ಆ ಪದಗಳಲ್ಲಿರುವುದು ನಿಷ್ಠೆಯ ಮಾತು, ಅಮರತ್ವದ ಭರವಸೆಯಲ್ಲ. ಹೆಸರು ಹೋದ ಮೇಲೂ ಈ ಮುಖವನ್ನು ಇನ್ನೊಂದರೊಡನೆ ಅದಲುಬದಲು ಮಾಡಲಾಗದು. ಇಂಥವನೊಬ್ಬ ಇದ್ದ ಎಂಬ ಸಾಕ್ಷಿ ಉಳಿದಿದೆ. ಮೋಹ ತನ್ನದನ್ನು ಕಾಲ ಮುಟ್ಟದೆಂದು ನಟಿಸುತ್ತದೆ. ವಾನ್ ಐಕ್ ಮುಖಕ್ಕೆ ಕೊಟ್ಟಷ್ಟೇ ಗಮನವನ್ನು ಬಿರುಕಿಗೂ ಕೊಟ್ಟ. ಅಳಿಯುತ್ತದೆಂದು ತಿಳಿದೂ ಅಷ್ಟು ಹೊತ್ತು ಕಣ್ಣಿಟ್ಟು ನೋಡಿದ್ದಕ್ಕೆ ಧ್ಯಾನವೆನ್ನದೆ ಬೇರೆ ಹೆಸರಿಲ್ಲ.